ಮುಟುರು ಎಂದವನಿಗೆ ಮರುಪ್ರಶ್ನೆ

ರಾಯಚೂರು, ಮಾನ್ವಿ, ದೇವದುರ್ಗದ ಗೊಬ್ಬರ-ಔಷಧಿ ಅಂಗಡಿಗಳಲ್ಲಿ ಸರಕು ಮಾರುವವನೇ ಎಷ್ಟೋ ರೈತರ ಪಾಲಿಗೆ ಬೆಳೆಯ ವೈದ್ಯ. ದೇಶದ ಚಿತ್ರವೂ ಇದೇ: 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಶೇ. 13.1ರಷ್ಟು ಕೃಷಿಕ ಕುಟುಂಬಗಳು ಬೇಸಾಯದ ಮಾಹಿತಿಗೆ ಪರಿಕರ ಮಾರಾಟಗಾರರನ್ನು ನಂಬಿದ್ದವು. ಸರ್ಕಾರದ ವಿಸ್ತರಣಾ ಕಾರ್ಯಕರ್ತರಿಂದ ಮಾಹಿತಿ ಪಡೆದವು ಶೇ. 5.7 ಮಾತ್ರ. ಹಾಗಾಗಿ ಅಂಗಡಿಯ ಹುಡುಗರನ್ನು ಹೇಗೆ ತಯಾರು ಮಾಡುತ್ತೇವೆ ಎಂಬುದು ಹೊಲದ ಪ್ರಶ್ನೆಯೂ ಹೌದು.

ಮಾರಾಟದ ತರಬೇತಿ ಶುರುವಾದದ್ದು ಬಾಯಿಪಾಠದಿಂದ. ಅಮೆರಿಕದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ 1887ರಲ್ಲಿ ತನ್ನ ಮಾರಾಟಗಾರರು ಗಿರಾಕಿಯ ಮುಂದೆ ಆಡಬೇಕಾದ ಮಾತನ್ನೇ ಅಚ್ಚು ಹಾಕಿಸಿ ಕೊಟ್ಟಿತು. ನೂರು ವರ್ಷ ಕಳೆದ ಮೇಲೆ, 1988ರಲ್ಲಿ, ಮಾರಾಟದ ಸಂಶೋಧಕ ನೀಲ್ ರಾಕ್‌ಹ್ಯಾಮ್ ಸುಮಾರು 35,000 ಮಾರಾಟ ಭೇಟಿಗಳನ್ನು ಅಭ್ಯಾಸ ಮಾಡಿ, ದೊಡ್ಡ ವ್ಯವಹಾರದಲ್ಲಿ ಗೆಲ್ಲುವವರು ಸರಿಯಾದ ಪ್ರಶ್ನೆ ಕೇಳುವವರು ಎಂದು ತೋರಿಸಿದರು. ನಮ್ಮಲ್ಲಿ 2003ರಲ್ಲಿ ಹೈದರಾಬಾದಿನ ಕೃಷಿ ವಿಸ್ತರಣಾ ಸಂಸ್ಥೆ ಮ್ಯಾನೇಜ್ ಪರಿಕರ ಮಾರಾಟಗಾರರಿಗೆಂದೇ ‘ದೇಸಿ’ ಡಿಪ್ಲೊಮಾ ಆರಂಭಿಸಿತು: ವರ್ಷವಿಡೀ ವಾರದ ರಜೆಯ ದಿನ ಪಾಠ, ನಡುನಡುವೆ ಹೊಲದ ಭೇಟಿ. ಅಂಗಡಿ ಮುಚ್ಚಿಸದೆ ಅಂಗಡಿಯವನನ್ನು ಓದಿಸಿದ ಈ ಯೋಚನೆ ನನಗೆ ಬಹಳ ದೊಡ್ಡದೆನಿಸುತ್ತದೆ. ಆದರೆ ಅದು ಮಾಲೀಕನನ್ನು ಮುಟ್ಟಿತು. ಅವನು ಊರಲ್ಲಿಲ್ಲದ ದಿನ ಕೌಂಟರಿನಲ್ಲಿ ನಿಲ್ಲುವ ಹುಡುಗ ಹೊರಗೇ ಉಳಿದ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಬುದ್ಧಿಮತ್ತೆ ಆಧರಿಸಿದ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ ತಂದಿತು. ಫೋಟೊ ತೆಗೆದರೆ ಕೀಟದ ಹೆಸರು ಗೊತ್ತಾಗುವಾಗ ಹುಡುಗನಿಗೆ ತರಬೇತಿ ಯಾಕೆ ಎಂದು ಕೇಳುವವರಿದ್ದಾರೆ. ಮೆಣಸಿನಕಾಯಿಯನ್ನೇ ನೋಡಿ. ಎಲೆ ಮೇಲಕ್ಕೆ ಮುದುಡಿದರೂ, ಕೆಳಕ್ಕೆ ಮುದುಡಿದರೂ ರೈತ ಹೇಳುವುದು ‘ಮುಟುರು’ ಎಂದೇ. ಮೊದಲನೆಯದು ಥ್ರಿಪ್ಸ್ ನುಸಿಯ ಕೆಲಸ, ಎರಡನೆಯದು ಮೈಟ್ ನುಸಿಯದು. ಬಿಳಿನೊಣ ಹರಡುವ ನಂಜುರೋಗ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ಎಲ್ಲ ಸಲ ಆಗಿಬರುವುದಿಲ್ಲ. ಇಷ್ಟನ್ನು ಫೋನು ಬಿಡಿಸಿ ಹೇಳಬಹುದು. ಹೋದ ವಾರ ಯಾವ ಎಣ್ಣಿ ಹೊಡೆದಿರಿ, ಪಂಪಿಗೆ ಎಷ್ಟು ಹಾಕಿದಿರಿ ಎಂಬುದು ಮಾತ್ರ ಎಲೆಯ ಚಿತ್ರದಲ್ಲಿ ಕಾಣುವುದಿಲ್ಲ. ಮಾನ್ವಿಯ ಕಾಲುವೆ ಭತ್ತದಲ್ಲಿ ಆ ಪ್ರಶ್ನೆಯೇ ನಿರ್ಣಾಯಕ: ಪೈರೆಥ್ರಾಯ್ಡ್ ಹೊಡೆದರೆ ಜೇಡಗಳು ಸತ್ತು ಕಂದು ಜಿಗಿಹುಳು ಇಮ್ಮಡಿಸುತ್ತದೆ. ಆದ್ದರಿಂದ ಹುಡುಗನಿಗೆ ಕಲಿಸಬೇಕಾದದ್ದು ಮರುಪ್ರಶ್ನೆ, ಅದರ ಜೊತೆಗೆ ‘ಈಗ ಬೇಡ’ ಎನ್ನುವ ಧೈರ್ಯ. ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ರೈತನ ಪಾತ್ರ ಕೊಟ್ಟು ಹುಡುಗನಿಂದ ದಿನಾ ಅಭ್ಯಾಸ ಮಾಡಿಸಬಹುದು; ಅವನು ಏನು ಕೇಳಲಿಲ್ಲ ಎಂಬುದನ್ನು ತರಬೇತುದಾರ ತೋರಿಸಿಕೊಡಬೇಕು. ಎಣ್ಣಿ ಎಂದರೆ ಇಲ್ಲಿ ಕೀಟನಾಶಕ ಎಂದು ಮೊದಲು ಆ ಯಂತ್ರಕ್ಕೂ ತಿಳಿದಿರಬೇಕು.

ಕಡಿಮೆ ಮಾರುವುದನ್ನು ಯಾವ ಅಂಗಡಿಯವನು ಕಲಿಸಿಯಾನು ಎಂಬ ಆಕ್ಷೇಪ ಹಗುರಾದದ್ದಲ್ಲ. ಉತ್ತರ ಉದ್ರಿ ಪುಸ್ತಕದಲ್ಲಿದೆ. ಬಿತ್ತನೆಗೆ ಒಯ್ದ ಸರಕಿನ ಹಣ ಬರುವುದು ರಾಶಿ ಆದ ಮೇಲೆ; ಬೆಳೆ ಕೈಕೊಟ್ಟರೆ ಬಾಕಿಯೂ ಅಲ್ಲೇ ನಿಲ್ಲುತ್ತದೆ. ಅಂಗಡಿಯವನ ಲಾಭ ರೈತನ ಇಳುವರಿಗೆ ಕಟ್ಟಿಬಿದ್ದಿದೆ. ಲೀಟರಿನ ಲೆಕ್ಕದಲ್ಲಿ ತಿಂಗಳ ಗುರಿ ಹೊತ್ತು ಬರುವ ಕಂಪನಿ ಪ್ರತಿನಿಧಿಗೆ ಆ ಕಟ್ಟು ಇಲ್ಲ. ಅವನ ಗುರಿ ಬದಲಾಗದೆ ಹುಡುಗನಿಗೆ ಕಲಿಸಿದ ‘ಈಗ ಬೇಡ’ ಎಂಬ ಮಾತು ತಿಂಗಳ ಕೊನೆಯವರೆಗೆ ಬಾಳಲಾರದು.