ನಲ್ಲಿನೀರಿನ ಐತಿಹ್ಯ: ಸ್ನಾಯು ಸಂಕೋಚನ ಮತ್ತು ಕ್ಯಾಲ್ಸಿಯಂ

ವಿಜ್ಞಾನದ ಚರಿತ್ರೆಗೂ ತನ್ನವೇ ಆದ ಐತಿಹ್ಯಗಳಿವೆ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್‌ನ ಪ್ರಯೋಗಶಾಲೆಯ ಸಹಾಯಕನು, ನೀರನ್ನು ಭಟ್ಟಿ ಇಳಿಸುವ ಶ್ರಮವೇಕೆಂದು ನಲ್ಲಿಯ ನೀರಿನಲ್ಲೇ ಉಪ್ಪಿನ ದ್ರಾವಣವನ್ನು ಸಿದ್ಧಪಡಿಸಿದನೆಂಬುದು ಅಂಥದೊಂದು. ಶರೀರಕ್ರಿಯಾಶಾಸ್ತ್ರಜ್ಞ ಹೆನ್ರಿ ಡೇಲ್ ಇದನ್ನು ವಯಸ್ಸಾಗಿದ್ದ ಆ ಸಹಾಯಕನ ಬಾಯಿಂದಲೇ ಕೇಳಿದ್ದನಾದ್ದರಿಂದ ಕಟ್ಟುಕತೆಯೆಂದು ತಳ್ಳಿಹಾಕುವಂತಿಲ್ಲ. ಆದರೆ ಮರುಹೇಳಿಕೆಗಳಲ್ಲಿ ಸಹಾಯಕನ ಸೋಮಾರಿತನವೇ ಮುಂದೆ ಬಂದು, ತನ್ನ ತಪ್ಪನ್ನು ತಾನೇ ಅಚ್ಚು ಹಾಕಿಸಿದ ಸಂಶೋಧಕ ಮರೆಯಾಗಿದ್ದಾನೆ.

ರಿಂಗರ್ 1882ರಲ್ಲಿ ಕಪ್ಪೆಯ ಹೃದಯವನ್ನು ಕುರಿತ ಪ್ರಯೋಗಗಳನ್ನು ಪ್ರಕಟಿಸಿದ್ದನು. 1883ರ ಲೇಖನದ ಆರಂಭದಲ್ಲೇ, ಹಿಂದೆ ಬಳಸಿದ ದ್ರಾವಣ ಭಟ್ಟಿ ಇಳಿಸಿದ ನೀರಿನದಲ್ಲ, ನ್ಯೂ ರಿವರ್ ವಾಟರ್ ಕಂಪನಿ ಪೂರೈಸಿದ ಕೊಳವೆನೀರಿನದೆಂದು ಒಪ್ಪಿಕೊಂಡನು. ಆ ನೀರಿನಲ್ಲಿದ್ದ ಕ್ಯಾಲ್ಸಿಯಂ ದಶಲಕ್ಷಕ್ಕೆ 38 ಭಾಗದಷ್ಟು ಮಾತ್ರ. ಶುದ್ಧ ನೀರಿನ ದ್ರಾವಣದಲ್ಲಿ ಹೃದಯದ ಮಿಡಿತ ಕುಗ್ಗಿ ನಿಂತಿತು. ಕ್ಯಾಲ್ಸಿಯಂ ಲವಣ ಬೆರೆಸಿದೊಡನೆ ಮರಳಿತು. ಆಸ್ಪತ್ರೆಗಳ 'ರಿಂಗರ್ ಲ್ಯಾಕ್ಟೇಟ್' ಬಾಟಲಿಯಲ್ಲಿ ಉಳಿದಿರುವುದು ಇದೇ ರಿಂಗರ್‌ನ ಹೆಸರು.

ಹೃದಯಕ್ಕೆ ಸಂದ ಈ ಮಾತು ಕೈಕಾಲುಗಳ ಸ್ನಾಯುವಿಗೆ ಸುಲಭವಾಗಿ ಸಲ್ಲಲಿಲ್ಲ. ಹೊರಗಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೂ ಅಸ್ಥಿಸ್ನಾಯು ಕೆಲಕಾಲ ಸಂಕೋಚಿಸಬಲ್ಲದು. ಉತ್ತರವಿದ್ದುದು ಜೀವಕೋಶದ ಒಳಗೆ. 1947ರಲ್ಲಿ ಹೈಲ್‌ಬ್ರನ್ ಮತ್ತು ವಿಯರ್ಸಿನ್‌ಸ್ಕಿ ಕಪ್ಪೆಯ ಸ್ನಾಯುತಂತುವಿನೊಳಕ್ಕೇ ಬೇರೆ ಬೇರೆ ಲವಣಗಳನ್ನು ಸೇರಿಸಿ ನೋಡಿದರು. ಸೋಡಿಯಂ, ಪೊಟಾಸಿಯಂ, ಮೆಗ್ನೀಷಿಯಂಗಳಿಗೆ ಮಣಿಯದ ತಂತು ಕ್ಯಾಲ್ಸಿಯಂಗೆ ಕುಗ್ಗಿತು. ಆದರೂ ಇಷ್ಟು ಸರಳವಾದ ಅಯಾನೊಂದು ಸ್ನಾಯುವನ್ನು ಆಳಬಲ್ಲದೆಂಬುದನ್ನು ಅನೇಕ ವಿದ್ವಾಂಸರು ನಂಬಲಿಲ್ಲ. 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಷಿ ಮತ್ತು ಸಹೋದ್ಯೋಗಿಗಳು ಕ್ಯಾಲ್ಸಿಯಂ ಬಂದು ಕೂರುವ ಟ್ರೋಪೊನಿನ್ ಎಂಬ ಪ್ರೋಟೀನನ್ನು ಗುರುತಿಸಿದ ಮೇಲೆ ಸಂಶಯ ಕರಗಿತು. ಕ್ಯಾಲ್ಸಿಯಂ ಕೂತಾಗ ತಡೆ ಸರಿದು, ಮಯೋಸಿನ್ ಎಳೆ ಆಕ್ಟಿನ್ ಎಳೆಯನ್ನು ಹಿಡಿದೆಳೆಯುತ್ತದೆ.

ಎರಡೂ ಸ್ನಾಯುಗಳಲ್ಲಿ ಕೀಲಿ ಒಂದೇ, ಅದನ್ನು ತಿರುಗಿಸುವ ಬಗೆ ಬೇರೆ. ಅಸ್ಥಿಸ್ನಾಯು ತನ್ನೊಳಗಿನ ಸಂಗ್ರಹವನ್ನೇ ನೆಚ್ಚಿಕೊಂಡಿದೆ. ನರದ ಪ್ರಚೋದನೆಯಿಂದ ಪೊರೆಯಲ್ಲುಂಟಾಗುವ ವಿದ್ಯುತ್ ಬದಲಾವಣೆಯೇ ಅದರ ಬಾಗಿಲನ್ನು ತೆರೆಯುತ್ತದೆ. ಹೃದಯದಲ್ಲಾದರೋ ಹೊರಗಿನಿಂದ ಒಳಬರುವ ಅಲ್ಪ ಕ್ಯಾಲ್ಸಿಯಂ ಒಳಗಿನ ಸಂಗ್ರಹವನ್ನು ಬಿಡಿಸುತ್ತದೆ. ನಲ್ಲಿನೀರಿನ ವ್ಯತ್ಯಾಸ ರಿಂಗರ್‌ಗೆ ಕಂಡದ್ದು ಅವನು ಹೃದಯವನ್ನು ಆರಿಸಿಕೊಂಡಿದ್ದರಿಂದ. ಕಪ್ಪೆಯ ಕಾಲಿನ ಸ್ನಾಯುವಾಗಿದ್ದರೆ ಬಹುಶಃ ಸಹಾಯಕನ ತಪ್ಪು ಬೇಗನೆ ಬಯಲಾಗುತ್ತಿರಲಿಲ್ಲ.