ಸರಕಾರದ ಬಟ್ಟೆ, ಮನೆಯ ಕೌದಿ

ಉತ್ತರ ಕರ್ನಾಟಕದಿಂದ ಮುಂಬಯಿ, ಠಾಣೆ, ಬೇಲಾಪುರಗಳಿಗೆ ಬಂದು ನೆಲೆಸಿದ ಕುಟುಂಬಗಳಿಗೆ ಕೌದಿಯನ್ನು ಪರಿಚಯಿಸುವ ಅಗತ್ಯವಿಲ್ಲ. ಮೆತ್ತಗಾದ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಅಂಚಿಗೆ ಸಾಲು ಹೊಲಿಗೆ ಹಾಕಿದರೆ ಕೌದಿ ಸಿದ್ಧವಾಗುತ್ತದೆ. ನಮ್ಮ ಮರಾಠಿ ನೆರೆಯವರು ಇದನ್ನೇ ಗೋಧಡಿ ಅಥವಾ ವಾಕಳ ಎನ್ನುತ್ತಾರೆ. ಬಂಗಾಳದಲ್ಲಿ ಅದು ಕಾಂಥಾ. ಕನ್ನಡದಲ್ಲಿ ವಿರಾಗಿಗಳು ಹೊದೆಯುವ ತೇಪೆಯ ಬಟ್ಟೆಗೆ ಕಂಥೆ ಎಂಬ ಹೆಸರು ಹಿಂದಿನಿಂದಲೂ ಇದೆ. ಹೆಸರು ಬೇರೆಯಾದರೂ ನಿಯಮ ಒಂದೇ: ಬಟ್ಟೆ ಹರಿದ ಮಾತ್ರಕ್ಕೆ ಅದರ ಆಯುಷ್ಯ ಮುಗಿಯುವುದಿಲ್ಲ.

ಹಾಗೆಂದು ಎಲ್ಲ ಬಟ್ಟೆಯೂ ಕೌದಿಗೆ ಸೇರುವುದಿಲ್ಲ. ಹೆಚ್ಚಾಗಿ ಅದಕ್ಕೆ ಬಳಕೆಯಾಗುವುದು ಬದುಕಿರುವವರು ಉಟ್ಟು ಬಿಟ್ಟ ಬಟ್ಟೆ. ಹುಟ್ಟಿದ ಕೂಸನ್ನು ಅಜ್ಜಿಯ ಹಳೆಯ ಸೀರೆಯಲ್ಲಿ ಸುತ್ತುವ ವಾಡಿಕೆಯ ಹಿಂದೆ ಮೆತ್ತನೆಯ ಬಟ್ಟೆ ಬೇಕೆಂಬ ವಿವೇಕವಿದೆ, ಹಿರಿಯರ ಆಯುಷ್ಯ ಕೂಸಿಗೂ ಬರಲೆಂಬ ಹಾರೈಕೆಯೂ ಇದೆ. ತೀರಿಕೊಂಡವರ ಬಟ್ಟೆಯ ಹಾದಿ ಬೇರೆ. ಅನೇಕ ಮನೆಗಳಲ್ಲಿ ಅದನ್ನು ದಾನ ಮಾಡುತ್ತಾರೆ, ಇಲ್ಲವೇ ಹೊಳೆಗೆ ಬಿಡುತ್ತಾರೆ. ಆದ್ದರಿಂದ ಅಗಲಿದವರ ಉಡುಪನ್ನು ಕತ್ತರಿಸಿ ನೆನಪಿನ ಹೊದಿಕೆ ಹೊಲಿಯುವ ಪಾಶ್ಚಾತ್ಯರ ಇಂದಿನ ರೂಢಿಯನ್ನು ನಮ್ಮ ಕೌದಿಯೊಂದಿಗೆ ನೇರವಾಗಿ ಸಮೀಕರಿಸಲಾಗದು. ಕೌದಿಯಲ್ಲಿ ನೆನಪು ತಾನಾಗಿ ಉಳಿಯುತ್ತದೆ. ಅದಕ್ಕೆಂದೇ ಯಾರೂ ಕೌದಿ ಹೊಲಿಯುತ್ತಿರಲಿಲ್ಲ.

ಈ ಎರಡು ಪದ್ಧತಿಗಳು ಸಂಧಿಸುವ ಒಂದು ಬಟ್ಟೆಯಿದೆ. ಅದು ಸೈನಿಕನ ಸಮವಸ್ತ್ರ. ಮನೆಯವರು ಅದನ್ನು ಸುಲಭವಾಗಿ ದಾನ ಕೊಡಲಾರರು, ಹೊಳೆಗೂ ಬಿಡಲಾರರು. ಪೆಟ್ಟಿಗೆಯಲ್ಲಿಟ್ಟರೆ ನುಸಿಯ ಪಾಲು. ಅದು ಹೊದಿಕೆಯಾದ ಬಗೆಗೆ ಸುಮಾರು ನೂರೆಪ್ಪತ್ತು ವರ್ಷಗಳ ಇತಿಹಾಸವಿದೆ, ಮತ್ತು ಆ ಇತಿಹಾಸದಲ್ಲಿ ಭಾರತಕ್ಕೂ, ಕನ್ನಡ ಕರಾವಳಿಗೂ, ನಾವಿರುವ ಈ ಠಾಣೆ ಸೀಮೆಗೂ ಪಾಲಿದೆ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಹಂಟೇರಿಯನ್ ಸಂಗ್ರಹಾಲಯದಲ್ಲಿ ಕ್ರಿಮಿಯಾ ಯುದ್ಧದ ಕಾಲದ ಒಂದು ವರ್ಣಚಿತ್ರವಿದೆ. ಚಿತ್ರಕಾರ ಥಾಮಸ್ ವುಡ್. ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ ಥಾಮಸ್ ವಾಕರ್ ಎಂಬ ಸಿಪಾಯಿ ಹಾಸಿಗೆಯ ಮೇಲೆ ಕುಳಿತು ಬಣ್ಣದ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತಿದ್ದಾನೆ. ಸೈನ್ಯದ ಕೆಂಪು ಉಣ್ಣೆಬಟ್ಟೆಯ ತುಂಡುಗಳು ಅವನ ಸುತ್ತ ಹರಡಿವೆ. ಈ ಬಗೆಯ ಹೊದಿಕೆಗಳು 19ನೆಯ ಶತಮಾನದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಬಹಳ ಪ್ರಚಾರಕ್ಕೆ ಬಂದವು. ಕುಡಿತ ಮತ್ತು ಜೂಜಿನಿಂದ ಸಿಪಾಯಿಗಳನ್ನು ದೂರವಿಡಲು ಸೂಜಿ ದಾರ ಒಳ್ಳೆಯ ಸಾಧನವೆಂದು ಪಾನನಿರೋಧ ಚಳವಳಿಯವರು ಭಾವಿಸಿ ಅದಕ್ಕೆ ಉತ್ತೇಜನ ನೀಡಿದರು. ಇಂಥ ಅನೇಕ ಹೊದಿಕೆಗಳು ಭಾರತದ ದಂಡುಗಳಲ್ಲೇ ತಯಾರಾದವು. ಬಿಸಿಲಿನ ದೇಶದ ಬ್ಯಾರಕ್ಕುಗಳಲ್ಲಿ ಬೇಸಿಗೆಯ ಮಧ್ಯಾಹ್ನಗಳನ್ನು ಕಳೆಯುವುದು ಆ ಪರದೇಶದ ಸಿಪಾಯಿಗಳಿಗೆ ದೊಡ್ಡ ಸಮಸ್ಯೆಯಾಗಿತ್ತು.

ಆ ಬಟ್ಟೆಯಲ್ಲಿ ಒಂದು ಅನುಕೂಲವಿತ್ತು. ಸಮವಸ್ತ್ರದ ಉಣ್ಣೆಯನ್ನು ನೇಯ್ದ ಬಳಿಕ ಒತ್ತಿ ಗಟ್ಟಿಗೊಳಿಸುತ್ತಿದ್ದುದರಿಂದ ಕತ್ತರಿಸಿದ ಅಂಚು ಎಳೆ ಬಿಡುತ್ತಿರಲಿಲ್ಲ. ಅಂಚನ್ನು ಒಳಗೆ ಮಡಚದೆ, ತುಂಡಿಗೆ ತುಂಡನ್ನು ತಾಗಿಸಿಯೇ ಹೊಲಿಯಬಹುದಿತ್ತು. ಹಾಗಾಗಿ ಬೆರಳುಗುರಿನಷ್ಟು ಚಿಕ್ಕ ತುಂಡುಗಳಿಂದಲೂ ಸಾವಿರಾರು ಚೌಕ, ತ್ರಿಕೋನಗಳ ವಿನ್ಯಾಸ ಮೂಡಿತು. ಗಾಯಾಳುಗಳ ಕೈಕೆಲಸವೆಂದು ಇವು ಪ್ರಸಿದ್ಧವಾದರೂ, ಬಹುಪಾಲು ಹೊದಿಕೆಗಳನ್ನು ಹೊಲಿದವರು ಪಲ್ಟನ್ನಿನ ದರ್ಜಿಗಳೇ ಇರಬೇಕೆಂದು ಇಂದಿನ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಬಗೆಬಗೆಯ ಬಣ್ಣದ ತುಂಡುಗಳು ಕೈಗೆ ಸಿಗುತ್ತಿದ್ದುದೂ ಅವರಿಗೇ.

ಅಲ್ಲಿಯವರೆಗೆ ಸೈನಿಕನ ಬಟ್ಟೆಯೆಂದರೆ ಕೆಂಪು, ನೀಲಿ, ಹಳದಿ. ಖಾಕಿ ಬಂದ ಮೇಲೆ ಆ ಬಣ್ಣಗಳ ಹಬ್ಬ ಮುಗಿಯಿತು. ಧೂಳು ಎಂಬರ್ಥದ ಪಾರಸಿ ಪದದಿಂದ ಬಂದ ಈ ಹೆಸರಿನ ಉಡುಪನ್ನು 1840ರ ದಶಕದಲ್ಲಿ ಪೇಶಾವರದ ಕಡೆಯ ಗೈಡ್ಸ್ ದಳ ಮೊದಲು ತೊಟ್ಟಿತು. ಆದರೆ ತೊಳೆದರೆ ಮಾಸದ ಬಣ್ಣ ಬೇಕಾಗಿತ್ತು. ಇಲ್ಲಿ ಮಂಗಳೂರಿನ ಹೆಸರು ಬರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅಲ್ಲಿ ಮುದ್ರಣ, ಹೆಂಚು, ನೇಯ್ಗೆಗಳನ್ನು ಬೆಳೆಸಿದ ಸಂಗತಿ ಸರ್ವವಿದಿತ. 1851ರಲ್ಲಿ ಬಂದ ನೇಕಾರ ಜಾನ್ ಹಾಲರ್ ಬಲ್ಮಠದ ನೇಯ್ಗೆ ಶಾಲೆಯಲ್ಲಿ ಗೇರು ಜಾತಿಯ ಮರದ ರಸದಿಂದ ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದೂ, ದಂಡನಾಯಕ ಲಾರ್ಡ್ ರಾಬರ್ಟ್ಸ್ ಅದನ್ನು ಕಂಡು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದನೆಂದೂ ಕರಾವಳಿಯ ಇತಿಹಾಸ ಬರಹಗಳು ಹೇಳುತ್ತ ಬಂದಿವೆ. ಖಾಕಿಯ ಹುಟ್ಟೂರು ಯಾವುದೆಂಬ ಚರ್ಚೆ ಏನೇ ಇರಲಿ, ಆ ಬಟ್ಟೆಯ ಕಥೆಯಲ್ಲಿ ಕನ್ನಡ ನೆಲದ ನೇಕಾರರಿಗೆ ಒಂದು ಅಧ್ಯಾಯ ಸಲ್ಲುತ್ತದೆ.

ಎರಡನೆಯ ಅಧ್ಯಾಯ ನಮ್ಮ ಬೇಲಾಪುರದ ಆಸುಪಾಸಿನಲ್ಲೇ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಮುಂಬಯಿಯ ಗಿರಣಿಗಳು ಸೈನ್ಯಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಬಟ್ಟೆ ನೇಯ್ದವು. ಊರು ಬಿಟ್ಟು ಬಂದ ಕನ್ನಡಿಗರೂ ಆ ಗಿರಣಿಗಳಲ್ಲಿ ದುಡಿದವರೇ. ಅದೇ ಕಾಲದಲ್ಲಿ ಕಲ್ಯಾಣದ ಹತ್ತಿರ ಸೈನಿಕರ ತಂಗುದಾಣವಾಗಿ ಒಂದು ವಿಶಾಲ ಶಿಬಿರ ತಲೆಯೆತ್ತಿತು. ದೇಶ ವಿಭಜನೆಯಾದಾಗ ಸಿಂಧಿನಿಂದ ಬಂದ ನಿರಾಶ್ರಿತರು ಆ ಖಾಲಿ ಬ್ಯಾರಕ್ಕುಗಳಲ್ಲಿ ನೆಲೆ ಕಂಡರು. 1949ರಲ್ಲಿ ಅದಕ್ಕೆ ಉಲ್ಹಾಸನಗರವೆಂಬ ಹೆಸರಾಯಿತು. ಹೊಲಿಗೆ ಯಂತ್ರದ ಸದ್ದಿಗೇ ಇಂದು ಹೆಸರಾದ ಊರು ಅದು. ಈಗಲೂ ಅಲ್ಲಿನ ಬಡಾವಣೆಗಳನ್ನು ಜನ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ಸೈನ್ಯ ಬಿಟ್ಟುಹೋದುದನ್ನು ಮನೆಯಾಗಿ ಮಾಡಿಕೊಳ್ಳುವ ಕೆಲಸ ಒಂದು ಊರಿನ ಪ್ರಮಾಣದಲ್ಲಿ ನಡೆದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಈ ಸೀಮೆಯಲ್ಲಿಲ್ಲ.

ಸ್ವಾತಂತ್ರ್ಯಾನಂತರ ಪಾಕಿಸ್ತಾನದ ಸೇನೆ ಖಾಕಿಯಲ್ಲೇ ಮುಂದುವರಿಯಿತು. ಭಾರತದ ಭೂಸೇನೆ ಆಲಿವ್ ಹಸಿರನ್ನು ಆರಿಸಿಕೊಂಡಿತು. 1914ರಲ್ಲಿ ಆರಂಭವಾದ ಶಾಹಜಹಾನ್‌ಪುರದ, 1961ರಲ್ಲಿ ಆರಂಭವಾದ ಚೆನ್ನೈ ಬಳಿಯ ಆವಡಿಯ ಸರಕಾರಿ ಉಡುಪು ಕಾರ್ಖಾನೆಗಳು ದಶಕಗಳ ಕಾಲ ಇವನ್ನು ಹೊಲಿದವು. ಇಂದು ನಮ್ಮ ಮನೆಗಳ ಟ್ರಂಕುಗಳಲ್ಲಿ ಉಳಿದಿರುವುದು ಬಹುತೇಕ ಆ ಕಾಲದ ಬಟ್ಟೆ: ಚಳಿಗಾಲದ ಅಂಗೋಲಾ ಶರ್ಟು, ಉಣ್ಣೆಯ ಜರ್ಸಿ, ಟೆರಿಕಾಟಿನ ಹಸಿರು ಪ್ಯಾಂಟು. ಟ್ರಂಕೂ ಸೈನ್ಯದ್ದೇ: ಕಪ್ಪು ಬಣ್ಣ, ಮುಚ್ಚಳದ ಮೇಲೆ ಬಿಳಿ ಅಕ್ಷರಗಳಲ್ಲಿ ನಂಬರು, ಹುದ್ದೆ, ಹೆಸರು.

ಇಷ್ಟಕ್ಕೂ ಈ ಬಟ್ಟೆ ಯಾರದು? ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸಿಪಾಯಿಯ ಉಡುಪಿನ ಒಂದು ಭಾಗದ ವೆಚ್ಚವನ್ನು ಅವನ ಸಂಬಳದಿಂದಲೇ ಮುರಿದುಕೊಳ್ಳಲಾಗುತ್ತಿತ್ತು. ಆಮೇಲೆ ಅದು ಸರಕಾರ ಕೊಡುವ ಬಟ್ಟೆಯಾಯಿತು. ಲೆಕ್ಕದ ಪುಸ್ತಕಕ್ಕೆ ಸೇರಿತು. ಆದರೆ ಲೆಕ್ಕದ ಪುಸ್ತಕದಲ್ಲಿ ಏನೇ ಇದ್ದರೂ, ಆ ಅಂಗಿಗೆ ಬೆವರು, ಬೂಟುಪಾಲಿಶು, ಸೀಮೆಎಣ್ಣೆಯ ವಾಸನೆ ಹತ್ತಿಸಿದವನು ಒಬ್ಬ ಮನುಷ್ಯ. ರಜೆಯಲ್ಲಿ ಊರಿಗೆ ಬಂದಾಗ ಅದರ ಗುಂಡಿ ಹಾಕಿಕೊಟ್ಟವಳು, ಹರಿದ ಮೊಣಕೈಗೆ ತೇಪೆ ಹಾಕಿದವಳು ಅವನ ಹೆಂಡತಿ ಅಥವಾ ತಾಯಿ. ವರ್ಷದಲ್ಲಿ ಹತ್ತು ತಿಂಗಳು ಅವನನ್ನು ಮನೆಯಿಂದ ದೂರವಿಟ್ಟದ್ದೂ ಆ ಬಟ್ಟೆಯೇ. ಇಂಥ ಅಂಗಿಯನ್ನು ಅವಳು ಕತ್ತರಿಸಿ ಕೌದಿಗೆ ಸೇರಿಸುವಾಗ, ಸರಕಾರಕ್ಕೆ ಕೊಟ್ಟಿದ್ದ ಮನುಷ್ಯನನ್ನು ಮನೆಗೆ ಮರಳಿ ಪಡೆಯುತ್ತಾಳೆ. ಸಮವಸ್ತ್ರದ ಕೌದಿಗೆ ಇರುವ ವಿಶೇಷ ಅರ್ಥ ಇದೇ ಎಂದು ನನಗೆ ತೋರುತ್ತದೆ.

ಮಹಾಪುರುಷರ ನೆನಪಿಗೆ ಸಂಗ್ರಹಾಲಯಗಳಿವೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿಯಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತರಬೇತಿ ಪಡೆದು, ಹದಿನೈದು ಇಪ್ಪತ್ತು ವರ್ಷ ಸೇವೆ ಮಾಡಿ, ಪಿಂಚಣಿಯೊಂದಿಗೆ ಯಾವುದೋ ಕಾರ್ಖಾನೆಯ ಕಾವಲುಗಾರನಾಗಿ ಡೊಂಬಿವಲಿಗೋ ಬೇಲಾಪುರಕ್ಕೋ ಬಂದ ಹವಾಲ್ದಾರನ ಅಂಗಿಗೆ ಗಾಜಿನ ಪೆಟ್ಟಿಗೆ ದೊರೆಯುವುದಿಲ್ಲ. ಅವನ ಮಟ್ಟಿಗೆ ಕೌದಿಯೇ ಸಂಗ್ರಹಾಲಯ.

ಎರಡು ಕೋಣೆಯ ಫ್ಲ್ಯಾಟಿನಲ್ಲಿ ಟ್ರಂಕಿಗೆ ಜಾಗವಿರುವುದು ಅಟ್ಟದ ಮೇಲೆ ಮಾತ್ರ. ಸಮುದ್ರದ ಖಾರಿಗೆ ಹತ್ತಿರವಾದ ಈ ಊರುಗಳ ಮಳೆಗಾಲದ ತೇವಕ್ಕೆ ತಗಡು ತುಕ್ಕು ಹಿಡಿಯುತ್ತದೆ, ಬಟ್ಟೆಗೆ ಬೂಷ್ಟು ಬರುತ್ತದೆ. ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುವಾಗ, ಮನೆ ಮಾರುವಾಗ ಮೊದಲು ಹೊರಬೀಳುವುದು ಆ ಟ್ರಂಕೇ. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸರು ಇಂದಿಗೂ ನಮ್ಮ ಕಟ್ಟಡಗಳ ಕೆಳಗೆ ಕೂಗುತ್ತ ಬರುತ್ತಾರೆ. ಅವರ ಬುಟ್ಟಿಗೆ ಹೋಗುವುದಕ್ಕಿಂತ ಮೊಮ್ಮಗುವಿನ ಹಾಸಿಗೆಗೆ ಹೋಗುವುದು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ.

ಸೈನಿಕನ ಉಡುಪನ್ನು ಕತ್ತರಿಸುವುದು ಅಗೌರವವಲ್ಲವೇ ಎಂಬ ಸಂಕೋಚ ಕೆಲವರಿಗಿದೆ. ಕಾನೂನು ತಡೆಯುವುದು ಬೇರೆಯದನ್ನು: ಸೈನಿಕನಲ್ಲದವನು ತಾನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ಆ ಉಡುಪನ್ನು ತೊಡುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 140ನೆಯ ಕಲಮಿನಲ್ಲಿದ್ದ ಈ ನಿಯಮ ಇಂದು ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. 2016ರ ಪಠಾಣ್‌ಕೋಟ್ ದಾಳಿಯ ಬಳಿಕ ಸೇನೆಯ ಮಾದರಿಯ ಉಡುಪನ್ನು ಮಾರಬೇಡಿ, ತೊಡಬೇಡಿ ಎಂದು ಸೇನೆಯೇ ಜನರಲ್ಲಿ ವಿನಂತಿಸಿತ್ತು. ಈ ದೃಷ್ಟಿಯಿಂದ, ಇಡೀ ಅಂಗಿಯನ್ನು ಗುಜರಿಗೆ ಹಾಕುವುದಕ್ಕಿಂತ ತುಂಡು ಮಾಡಿ ಹೊದಿಕೆಯಾಗಿಸುವುದೇ ಸುರಕ್ಷಿತ. ಪದಕ, ಪದವಿಯ ಚಿಹ್ನೆ, ಪಲ್ಟನ್ನಿನ ಬಿಲ್ಲೆಗಳನ್ನು ಮಾತ್ರ ಬಿಚ್ಚಿ ಬೇರೆಯಾಗಿ ಜೋಪಾನವಾಗಿಡುವುದು ಯುಕ್ತ. ಕಾಲು ತಾಗುವ ಹಾಸಿಗೆಯ ಮೇಲೆ ಅವು ಇರಬಾರದು.

ಹೊಲಿಯುವ ಕ್ರಮದಲ್ಲೂ ಎಚ್ಚರ ಬೇಕು. ಉಣ್ಣೆ ಬಿಸಿನೀರಿಗೆ ಕುಗ್ಗುತ್ತದೆ, ಟೆರಿಕಾಟು ಕುಗ್ಗುವುದಿಲ್ಲ. ಎರಡನ್ನೂ ಹಾಗೆಯೇ ಜೋಡಿಸಿದರೆ ಮೊದಲ ತೊಳೆತಕ್ಕೇ ಕೌದಿ ಸುಕ್ಕುಗಟ್ಟುತ್ತದೆ. ಮೊದಲೇ ತೊಳೆದು, ಒಣಗಿಸಿ, ಬಳಿಕ ಕತ್ತರಿಸಬೇಕು. ಖಾಕಿ ಡ್ರಿಲ್ಲು ಗಡುಸು. ಒಳಪದರಕ್ಕೆ ಹಳೆಯ ಹತ್ತಿಯ ಸೀರೆಯಿದ್ದರೆ ಸೂಜಿ ಸಲೀಸಾಗಿ ಇಳಿಯುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರ ಪದ್ಧತಿ ಇಲ್ಲಿ ಉಪಯುಕ್ತ. ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತ ತುಂಡುಗಳನ್ನು ಇಡುತ್ತ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ‘ಫೂಲಾ’ ಎಂಬ ಸಣ್ಣ ತ್ರಿಕೋನ ತುಂಡುಗಳನ್ನು ಹೊಲಿಯುತ್ತಾರೆ. ಅದಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಅಪೂರ್ಣ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ಆಸಕ್ತಿಯಿಂದ 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರಿ ಬಳಗವೊಂದು ರೂಪುಗೊಂಡು, ಆ ಕೌದಿಗಳು ಹೊರದೇಶಗಳವರೆಗೂ ಹೋದವು. ಆಕಾರ ಸರಿಯಿಲ್ಲದ ತೋಳು, ಕಿಸೆ, ಕಾಲರುಗಳನ್ನು ಅಳತೆಯ ಚೌಕವಾಗಿ ಕತ್ತರಿಸದೆ ಇದ್ದಂತೆಯೇ ಸೇರಿಸಲು ಆ ಕ್ರಮದಲ್ಲಿ ಅವಕಾಶವಿದೆ. ಅಂಗಿಯ ಕಿಸೆ ಕಿಸೆಯಾಗಿಯೇ ಉಳಿದರೆ ಅದರೊಳಗೆ ಮಕ್ಕಳು ಕೈ ಹಾಕುತ್ತಾರೆ, ಇದು ಯಾರದು ಎಂದು ಕೇಳುತ್ತಾರೆ.

ಆ ಪ್ರಶ್ನೆಗೆ ಉತ್ತರ ಹೇಳುವವರು ಮನೆಯಲ್ಲಿ ಇರಬೇಕು. ಈ ಪದ್ಧತಿಯ ದೌರ್ಬಲ್ಯವೂ ಇಲ್ಲೇ ಇದೆ. ಬಟ್ಟೆ ನೆನಪನ್ನು ಹಿಡಿದಿಡುತ್ತದೆ, ಆದರೆ ಹೆಸರನ್ನು ಹೇಳುವುದಿಲ್ಲ. ಲಂಡನ್ನಿನ ಚಿತ್ರದ ಸಿಪಾಯಿಯ ಹೆಸರು ನಮಗೆ ಗೊತ್ತು. ಆ ಶತಮಾನದ ನೂರಾರು ಹೊದಿಕೆಗಳನ್ನು ಹೊಲಿದ ಪಲ್ಟನ್ನಿನ ದರ್ಜಿಗಳ ಹೆಸರು ಗೊತ್ತಿಲ್ಲ. ನಮ್ಮ ಕೌದಿಗಳನ್ನು ಹೊಲಿದ ತಾಯಂದಿರ ಹೆಸರೂ ಯಾವ ದಾಖಲೆಯಲ್ಲೂ ಇಲ್ಲ. ಎರಡು ತಲೆಮಾರು ಕಳೆದರೆ ಹಸಿರು ತುಂಡು ಬರಿಯ ಹಸಿರು ತುಂಡಾಗುತ್ತದೆ. ಊರಿನಲ್ಲಾದರೆ ನೆರೆಯವರಾದರೂ ಹೇಳಿಯಾರು. ಊರು ಬಿಟ್ಟು ಬಂದವರ ಮನೆಯಲ್ಲಿ ಅಜ್ಜಿಯೊಂದಿಗೇ ಆ ಮಾತು ನಿಂತುಹೋಗುತ್ತದೆ.

ಆದ್ದರಿಂದ ಕತ್ತರಿ ಹಾಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅಂಗಿಯನ್ನು ಹಾಸಿ ಒಂದು ಫೋಟೋ ತೆಗೆಯಬೇಕು. ಟ್ರಂಕಿನ ಮುಚ್ಚಳದ ಮೇಲಿನ ನಂಬರು, ಪಲ್ಟನ್ನಿನ ಹೆಸರು, ಸೇವೆಯ ವರ್ಷಗಳು, ಅವನು ಇದ್ದ ಊರುಗಳು, ಜೊತೆಗೆ ಕೌದಿ ಹೊಲಿದವರ ಹೆಸರು, ಇಷ್ಟನ್ನು ಒಂದು ಬಿಳಿಯ ಬಟ್ಟೆಯ ತುಂಡಿನ ಮೇಲೆ ಕನ್ನಡದಲ್ಲಿ ದಾರದಿಂದ ಬರೆದು ಹಿಂಬದಿಯ ಮೂಲೆಗೆ ಹೊಲಿಯಬೇಕು. ಮಸಿ ಮಾಸುತ್ತದೆ; ಹೊಲಿದ ಅಕ್ಷರ ತೊಳೆತಕ್ಕೆ ಬಾಳುತ್ತದೆ. ಈ ಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಎಷ್ಟೋ ಮಕ್ಕಳಿಗೆ ಅಜ್ಜನ ಹೆಸರು ಕನ್ನಡದಲ್ಲಿ ಬರೆದಿರುವುದನ್ನು ಕಾಣುವ ಅವಕಾಶವೇ ಇಲ್ಲ. ರಾತ್ರಿ ಹೊದ್ದು ಮಲಗುವ ಬಟ್ಟೆಯ ಮೇಲಾದರೂ ಅದು ಸಿಗಲಿ.