ಅಡ್ಮಿರಲ್ಲರ ಪಟ್ಟಿ



ಒಬ್ಬ ಅಧಿಕಾರಿಯನ್ನು ಮೇಲಿನ ಪದವಿಗೆ ಏರಿಸುವುದು ಸುಲಭ; ಏರಿದವನನ್ನು ಅವನ ಮರ್ಯಾದೆಗೆ ಕುಂದು ಬಾರದಂತೆ ಇಳಿಸುವುದು ಕಷ್ಟ. ಕಚೇರಿಗಳ ವ್ಯವಹಾರವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಕಾಳಿದಾಸನು ವರ್ಣಿಸಿದ ರಘುವಂಶದ ಅರಸರು ಮುಪ್ಪು ಬಂದೊಡನೆ ರಾಜ್ಯವನ್ನು ಮಕ್ಕಳಿಗೊಪ್ಪಿಸಿ ತಾವಾಗಿಯೇ ತಪೋವನಕ್ಕೆ ತೆರಳುತ್ತಿದ್ದರು. ಅಂಥ ವಿವೇಕವು ಎಲ್ಲರಿಗೂ ತಾನಾಗಿ ಬರುವುದಿಲ್ಲವಾದುದರಿಂದ ಸರ್ಕಾರಗಳು ನಿಯಮಗಳನ್ನು ಮಾಡಬೇಕಾಯಿತು. ಆ ನಿಯಮಗಳು ಹೇಗೆ ಹುಟ್ಟಿದುವು, ಅವು ಇಲ್ಲದಿದ್ದಾಗ ಏನಾಯಿತು ಎಂಬುದನ್ನು ಇಂಗ್ಲೆಂಡಿನ ನೌಕಾಬಲದ ಚರಿತ್ರೆಯು ಬಹು ಸ್ಪಷ್ಟವಾಗಿ ತೋರಿಸುತ್ತದೆ. ಆ ಕಥೆಯನ್ನು ಈ ಹೊತ್ತು ಸಂಗ್ರಹವಾಗಿ ನಿರೂಪಿಸುವೆವು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ನೌಕಾಬಲವನ್ನು ಕೆಂಪು, ಬಿಳಿ, ನೀಲಿ ಎಂದು ಮೂರು ಪಡೆಗಳಾಗಿ ವಿಂಗಡಿಸಿದ್ದರು. ಪ್ರತಿಯೊಂದು ಪಡೆಗೂ ಒಬ್ಬ ಅಡ್ಮಿರಲ್, ಒಬ್ಬ ವೈಸ್ ಅಡ್ಮಿರಲ್, ಒಬ್ಬ ರಿಯರ್ ಅಡ್ಮಿರಲ್. ಒಟ್ಟು ಒಂಬತ್ತು ಸ್ಥಾನಗಳು. ಇವರು ಏರಿದ ಹಡಗಿನ ಮೇಲೆ ಇವರದೇ ಧ್ವಜ ಹಾರುತ್ತಿದ್ದುದರಿಂದ ಇವರನ್ನು ಧ್ವಜಾಧಿಕಾರಿಗಳೆಂದು ಕರೆಯುತ್ತಿದ್ದರು. ನೀಲಿ ಪಡೆಯ ರಿಯರ್ ಅಡ್ಮಿರಲ್ಲನದು ಮೊದಲ ಮೆಟ್ಟಿಲು. ಕೆಂಪು ಪಡೆಯನ್ನು ನಡೆಸುವ ಅಡ್ಮಿರಲ್ ಆಫ್ ದಿ ಫ್ಲೀಟ್ ಎಂಬವನದು ಕೊನೆಯ ಮೆಟ್ಟಿಲು. ಒಂದೊಂದು ಮೆಟ್ಟಿಲಿನ ಮೇಲೆ ಒಬ್ಬನಿಗೆ ಮಾತ್ರ ಸ್ಥಳವಿದ್ದುದರಿಂದ ಮೇಲಿನವನು ಜಾಗ ಬಿಟ್ಟಲ್ಲದೆ ಕೆಳಗಿನವನಿಗೆ ಗತಿಯಿರಲಿಲ್ಲ. 1740ರ ದಶಕದಲ್ಲಿ ಈ ಕಟ್ಟನ್ನು ಸಡಿಲಿಸಿ, ಒಂದೇ ಮೆಟ್ಟಿಲಿನ ಮೇಲೆ ಹಲವರು ನಿಲ್ಲಬಹುದೆಂದು ಮಾಡಿದರು.

ಈ ಮೆಟ್ಟಿಲುಗಳ ಬುಡಕ್ಕೆ ಬರುವುದು ಹೇಗೆ? 1677ರಲ್ಲಿ ಸ್ಯಾಮ್ಯುಯೆಲ್ ಪೀಪ್ಸನು ಲೆಫ್ಟೆನೆಂಟ್ ಪದವಿಗೆ ಪರೀಕ್ಷೆಯನ್ನು ಏರ್ಪಡಿಸಿದನು. ಅಲ್ಲಿಂದ ಕ್ಯಾಪ್ಟನ್ ಆಗುವವರೆಗೆ ಶೌರ್ಯಕ್ಕೂ ದೊಡ್ಡವರ ದಯೆಗೂ ಬೆಲೆಯಿದ್ದಿತು. ಆದರೆ ಕ್ಯಾಪ್ಟನ್ನರ ಪಟ್ಟಿಯಲ್ಲಿ ಹೆಸರು ಬಿದ್ದ ಮೇಲೆ ಎರಡೂ ನಡೆಯುತ್ತಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ನೆಲೆಗೊಂಡ ಪದ್ಧತಿಯಂತೆ, ಆ ಪಟ್ಟಿಯಲ್ಲಿ ಮುಂದಿನವನನ್ನು ಹಿಂದಿನವನು ದಾಟುವಂತಿರಲಿಲ್ಲ. ಮೇಲಿನವರು ಸಾಯಬೇಕು ಅಥವಾ ಏರಬೇಕು. ಆಗ ಕೆಳಗಿನವನು ಒಂದು ಸ್ಥಾನ ಮುಂದೆ ಸರಿಯುವನು.

ನೆಲ್ಸನ್ನನ ಉದಾಹರಣೆಯನ್ನೇ ನೋಡೋಣ. ಅವನು 1779ರಲ್ಲಿ, ಇಪ್ಪತ್ತು ವರ್ಷದವನಾಗಿದ್ದಾಗಲೇ, ಕ್ಯಾಪ್ಟನ್ ಆದನು. ರಿಯರ್ ಅಡ್ಮಿರಲ್ ಆದುದು 1797ರ ಫೆಬ್ರವರಿ 20ರಂದು. ಈ ನಡುವೆ ಐದು ವರ್ಷಕಾಲ ಹಡಗಿಲ್ಲದೆ, ಅರ್ಧ ಸಂಬಳದಲ್ಲಿ, ತನ್ನ ಹಳ್ಳಿಯಲ್ಲಿ ಕುಳಿತಿದ್ದುದೂ ಉಂಟು. ಅವನಿಗೆ ಬಡ್ತಿ ಬರುವುದಕ್ಕೆ ಆರು ದಿನ ಮೊದಲು ಸೇಂಟ್ ವಿನ್ಸೆಂಟ್ ಭೂಶಿರದ ಕದನದಲ್ಲಿ ಅವನ ಸಾಹಸವು ಲೋಕಪ್ರಸಿದ್ಧವಾಗಿದ್ದಿತು. ಆದರೆ ಬಡ್ತಿಯು ಆ ಸಾಹಸಕ್ಕೆ ಸಂದ ಬಹುಮಾನವಲ್ಲ. ಪಟ್ಟಿಯಲ್ಲಿ ಅವನ ಸರದಿ ಬಂದಿದ್ದಿತು, ಅಷ್ಟೆ. ಇಪ್ಪತ್ತರಲ್ಲೇ ಪಟ್ಟಿಗೆ ಸೇರಿದ ಭಾಗ್ಯದಿಂದ ಅವನು ಮೂವತ್ತೆಂಟರಲ್ಲಿ ಧ್ವಜ ಹಾರಿಸಿದನು. ನಲವತ್ತಕ್ಕೆ ಕ್ಯಾಪ್ಟನ್ ಆಗಿದ್ದರೆ ಟ್ರಫಾಲ್ಗರಿನ ಹೊತ್ತಿಗೆ ಅವನು ಎಲ್ಲಿರುತ್ತಿದ್ದನೋ!

ಇಂಥ ಪದ್ಧತಿಯನ್ನು ನಾವು ಸುಮ್ಮನೆ ಹಳಿಯಲಾಗದು. ಅರಮನೆಯ ಮುಖಸ್ತುತಿಯಿಂದಲೋ ಮಂತ್ರಿಗಳ ನೆಂಟಸ್ತನದಿಂದಲೋ ಒಬ್ಬನು ಅಡ್ಮಿರಲ್ ಆಗುವುದನ್ನು ಇದು ತಡೆಯಿತು. ಹಿರಿತನವು ಗುಣವನ್ನು ಅಳೆಯದು, ನಿಜ. ಆದರೆ ಹಿರಿತನದಲ್ಲಿ ಮೋಸವಿಲ್ಲ. ಕಷ್ಟವಿದ್ದುದು ಬೇರೆ ಕಡೆ. ಪಟ್ಟಿಗೆ ಪ್ರವೇಶದ್ವಾರವಿದ್ದಿತೇ ಹೊರತು ಹೊರಗೆ ಹೋಗುವ ಬಾಗಿಲು ಇರಲಿಲ್ಲ. ನಿವೃತ್ತಿಯೆಂಬುದೇ ಇಲ್ಲದ ಸೇವೆ ಅದು. ಕೆಲಸವಿಲ್ಲದವನಿಗೆ ಅರ್ಧ ಸಂಬಳ; ಹೆಸರು ಮಾತ್ರ ಸಾಯುವವರೆಗೆ ಪಟ್ಟಿಯಲ್ಲೇ.

ಮೊದಲ ಬಾಗಿಲನ್ನು ತೆರೆದುದು 1747ರಲ್ಲಿ. ಪಟ್ಟಿಯ ಕೆಳಗಿದ್ದ ಒಬ್ಬ ಸಮರ್ಥನನ್ನು ಅಡ್ಮಿರಲ್ ಮಾಡಬೇಕಾದರೆ ಅವನ ಮೇಲಿದ್ದವರನ್ನೆಲ್ಲ ಏರಿಸಬೇಕಾಗಿದ್ದಿತಷ್ಟೆ. ಬೇಡವಾದ ಹಿರಿಯ ಕ್ಯಾಪ್ಟನ್ನರಿಗೆ ರಿಯರ್ ಅಡ್ಮಿರಲ್ ಎಂಬ ಹೆಸರನ್ನೂ ಆ ಪದವಿಯ ಅರ್ಧ ಸಂಬಳವನ್ನೂ ಕೊಟ್ಟು, ಯಾವ ಪಡೆಗೂ ಸೇರಿಸದೆ ಮನೆಗೆ ಕಳುಹಿಸುವ ಏರ್ಪಾಡು ಆಗ ಜಾರಿಗೆ ಬಂದಿತು. ಇಂಥವರು ಕೆಂಪಿಗೂ ಸೇರರು, ಬಿಳಿಗೂ ಸೇರರು, ನೀಲಿಗೂ ಸೇರರು. ಆದುದರಿಂದ ನಾವಿಕರು ಅವರಿಗೆ 'ಹಳದಿ ಅಡ್ಮಿರಲ್' ಎಂದು ಹೆಸರಿಟ್ಟರು. ಹಳದಿ ಬಾವುಟದ ಪಡೆ ಆ ನೌಕಾಬಲದಲ್ಲಿ ಇರಲೇ ಇಲ್ಲ! ಸರ್ಕಾರವು ಗೌರವವೆಂದು ಕೊಟ್ಟುದನ್ನು ಲೋಕವು ಅಪಹಾಸ್ಯವಾಗಿ ಮಾರ್ಪಡಿಸಿತು.

ಈ ಬಾಗಿಲಿನಿಂದ ಯೋಗ್ಯರೂ ಹೊರಬೀಳುವ ಅಪಾಯವಿದ್ದಿತು. ಅದೇ ವರ್ಷ ಎಡ್ವರ್ಡ್ ಹಾಕ್ ಎಂಬ ಕ್ಯಾಪ್ಟನ್ನನು ಹಳದಿಯವರ ಸಾಲಿಗೆ ಸೇರುವುದರಲ್ಲಿದ್ದನೆಂದೂ, ಎರಡನೆಯ ಜಾರ್ಜ್ ದೊರೆಯು ಅಡ್ಡಬಂದು ಅವನನ್ನು ಉಳಿಸಿದನೆಂದೂ ಚರಿತ್ರಕಾರರು ಹೇಳುತ್ತಾರೆ. ರಿಯರ್ ಅಡ್ಮಿರಲ್ ಆದ ಕೆಲವೇ ತಿಂಗಳಲ್ಲಿ ಹಾಕನು ಫಿನಿಸ್ಟೆರ್ ಭೂಶಿರದ ಬಳಿ ಫ್ರೆಂಚರ ಎಂಟು ದೊಡ್ಡ ಯುದ್ಧನೌಕೆಗಳಲ್ಲಿ ಆರನ್ನು ಹಿಡಿದನು. ಹನ್ನೆರಡು ವರ್ಷಗಳ ತರುವಾಯ, 1759ರ ನವೆಂಬರ್ 20ರಂದು, ಕಿಬೆರಾನ್ ಕೊಲ್ಲಿಯಲ್ಲಿ ಬಿರುಗಾಳಿಯ ನಡುವೆ ಶತ್ರುಬಲವನ್ನು ಮುರಿದು, ಇಂಗ್ಲೆಂಡಿನ ಮೇಲೆ ಬರಲಿದ್ದ ದಂಡಯಾತ್ರೆಯನ್ನೇ ತಪ್ಪಿಸಿದವನೂ ಅವನೇ.

1815ರಲ್ಲಿ ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಈ ವ್ಯವಸ್ಥೆಯ ದೋಷವೆಲ್ಲ ಬಯಲಿಗೆ ಬಿದ್ದಿತು. 1813ರಲ್ಲಿ ನೌಕಾಬಲಕ್ಕೆ ಮಂಜೂರಾದ ಜನ ಸುಮಾರು 1,40,000, 1817ರಲ್ಲಿ 19,000. ನಾವಿಕರನ್ನು ಮನೆಗೆ ಕಳುಹಿಸಿದರು. ಅಧಿಕಾರಿಗಳು ಪಟ್ಟಿಯಲ್ಲೇ ಉಳಿದರು. ಕ್ಯಾಪ್ಟನ್ನರೇ ಎಂಟು ನೂರಕ್ಕೆ ಮೇಲ್ಪಟ್ಟು ಇದ್ದರು. ಅವರಲ್ಲಿ ಬಹುಮಂದಿಗೆ ಕೊಡಲು ಹಡಗುಗಳಿಲ್ಲ. 'ಹಣ್ಣೆಲೆ ಉದುರುವಾಗ ಹಸುರೆಲೆ ನಕ್ಕಿತಂತೆ' ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಹಣ್ಣೆಲೆ ಉದುರಲೇ ಇಲ್ಲ. ಹಸುರೆಲೆಯು ಕೊಂಬೆಯಲ್ಲೇ ಹಣ್ಣಾಯಿತು.

ಇದರ ಫಲವು ನಲವತ್ತು ವರ್ಷಗಳ ಮೇಲೆ ಕಂಡುಬಂದಿತು. 1854ರಲ್ಲಿ ರಷ್ಯದ ಮೇಲೆ ಯುದ್ಧ ಹೂಡಿದಾಗ ಬಾಲ್ಟಿಕ್ ಸಮುದ್ರಕ್ಕೆ ಹೊರಟ ಸರ್ ಚಾರ್ಲ್ಸ್ ನೇಪಿಯರನಿಗೆ 68 ವರ್ಷ. ಕಪ್ಪು ಸಮುದ್ರದಲ್ಲಿದ್ದ ಡಂಡಾಸನಿಗೂ 68 ವರ್ಷ. ಪೆಸಿಫಿಕ್ ಸಾಗರದ ಪಡೆಯು ರಿಯರ್ ಅಡ್ಮಿರಲ್ ಡೇವಿಡ್ ಪ್ರೈಸನ ವಶದಲ್ಲಿದ್ದಿತು. ಅರುವತ್ತನ್ನು ದಾಟಿದ್ದ ಇವನು ತಾರುಣ್ಯದಲ್ಲಿ ಶೂರನೆನಿಸಿದ್ದವನೇ. ಆದರೆ 1815ರಲ್ಲಿ ಕ್ಯಾಪ್ಟನ್ ಆದವನಿಗೆ 1834ರವರೆಗೆ ಒಂದು ಹಡಗೂ ದೊರೆತಿರಲಿಲ್ಲ. ಹೀಗೆ ದಡದಲ್ಲಿ ಕಾದು ಕಾದು, ಸರದಿಯಂತೆ ಧ್ವಜ ಪಡೆದವನು ಜೀವಮಾನದಲ್ಲೇ ಮೊದಲ ಸಲ ಯುದ್ಧಕಾಲದಲ್ಲಿ ಒಂದು ಪಡೆಯನ್ನು ನಡೆಸಬೇಕಾಯಿತು. 1854ರ ಆಗಸ್ಟ್ 30ರಂದು ಕಮ್ಚಾಟ್ಕದ ಪೆಟ್ರೊಪಾವ್ಲೊವ್ಸ್ಕ್ ಬಂದರಿನ ಮೇಲೆ ಇಂಗ್ಲಿಷರೂ ಫ್ರೆಂಚರೂ ಕೂಡಿ ದಾಳಿ ಮಾಡಲಿದ್ದರು. ದಾಳಿಗೆ ಮುಂಚೆ ಪ್ರೈಸನು ತನ್ನ ಹಡಗಿನಲ್ಲೇ ಪಿಸ್ತೂಲಿನಿಂದ ಗುಂಡು ಹೊಡೆದುಕೊಂಡು ಪ್ರಾಣ ಬಿಟ್ಟನು. ಕೆಲವು ದಿನಗಳ ಮೇಲೆ ದಡಕ್ಕಿಳಿದ ಸೈನ್ಯವು ಬಹು ನಷ್ಟಪಟ್ಟು ಹಿಮ್ಮೆಟ್ಟಿತು. ಒಬ್ಬ ಮನುಷ್ಯನ ಅಂತರಂಗದ ಭಾರವನ್ನು ತೂಗಿ ನೋಡುವ ತಕ್ಕಡಿ ಚರಿತ್ರಕಾರನ ಕೈಯಲ್ಲಿಲ್ಲ. ಆದರೂ, ಇಪ್ಪತ್ತು ವರ್ಷ ಕೆಲಸ ಕೊಡದೆ ಕೂರಿಸಿ, ಮುಪ್ಪಿನಲ್ಲಿ ಹಿರಿತನವೊಂದರ ಬಲದಿಂದ ಯುದ್ಧದ ಹೊಣೆಯನ್ನು ಹೊರಿಸಿದ ವ್ಯವಸ್ಥೆಯನ್ನು ನಿರ್ದೋಷಿಯೆನ್ನುವಂತಿಲ್ಲ.

1864ರಲ್ಲಿ ಮೂರು ಬಣ್ಣಗಳ ಪದ್ಧತಿಯನ್ನು ತೆಗೆದುಹಾಕಿದರು. ಇದಕ್ಕಿಂತ ಮುಖ್ಯವಾದ ಸುಧಾರಣೆ 1870ರಲ್ಲಿ ನೌಕಾಮಂತ್ರಿಯಾಗಿದ್ದ ಚಿಲ್ಡರ್ಸನದು. ಅಡ್ಮಿರಲ್ ಆಫ್ ದಿ ಫ್ಲೀಟ್ ಆದವನಿಗೆ 70, ಅಡ್ಮಿರಲ್ ಮತ್ತು ವೈಸ್ ಅಡ್ಮಿರಲ್ಲರಿಗೆ 65, ರಿಯರ್ ಅಡ್ಮಿರಲ್ಲನಿಗೆ 60 ವರ್ಷ ತುಂಬಿದೊಡನೆ ನಿವೃತ್ತಿ ಕಡ್ಡಾಯವೆಂದು ವಿಧಿಸಿದರು. ಬಹುಕಾಲ ಕೆಲಸವಿಲ್ಲದೆ ಇದ್ದವರನ್ನೂ ಪಟ್ಟಿಯಿಂದ ತೆಗೆಯಬಹುದಾಯಿತು. ಬಾಗಿಲು ಕೊನೆಗೂ ಪೂರ್ತಿಯಾಗಿ ತೆರೆಯಿತು.

ಆದರೆ ಈ ನಿಯಮಕ್ಕೆ ಒಂದು ಸಣ್ಣ ವಿನಾಯಿತಿಯಿದ್ದಿತು: ಹಿಂದಿನ ಫ್ರೆಂಚ್ ಯುದ್ಧಗಳ ಕಾಲದಲ್ಲಿ ಯುದ್ಧನೌಕೆಯನ್ನು ನಡೆಸಿದ್ದವರು ಪಟ್ಟಿಯಲ್ಲೇ ಉಳಿಯಬಹುದು. ಐವತ್ತೈದು ವರ್ಷಗಳ ಹಿಂದೆ ಮುಗಿದ ಯುದ್ಧ, ಯಾರು ಉಳಿದಾರು? ಸರ್ ಪ್ರೋವೋ ವಾಲಿಸ್ ಉಳಿದಿದ್ದನು. 1813ರ ಜೂನ್ ತಿಂಗಳಲ್ಲಿ 'ಶ್ಯಾನನ್' ಎಂಬ ಹಡಗು ಅಮೆರಿಕದ 'ಚೆಸಪೀಕ್' ಎಂಬ ಹಡಗನ್ನು ಗೆದ್ದಾಗ ಅದರ ಕ್ಯಾಪ್ಟನ್ನನು ಗಾಯಗೊಂಡು ಬಿದ್ದನು, ಮೊದಲನೆಯ ಲೆಫ್ಟೆನೆಂಟನು ಮಡಿದನು. ಇಪ್ಪತ್ತೆರಡು ವರ್ಷದ ವಾಲಿಸನು ಹಡಗನ್ನು ವಹಿಸಿಕೊಂಡು ಹ್ಯಾಲಿಫ್ಯಾಕ್ಸ್ ರೇವಿಗೆ ತಲುಪಿಸಿದನು. ಆ ಕೆಲವೇ ದಿನಗಳ ಅಧಿಕಾರವು ಅವನಿಗೆ ಅಮೃತವಾಯಿತು! 1877ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಅಡ್ಮಿರಲ್ ಆಫ್ ದಿ ಫ್ಲೀಟ್ ಪದವಿಗೇರಿ, 1892ರಲ್ಲಿ ನೂರು ದಾಟಿ ತೀರಿಕೊಳ್ಳುವವರೆಗೂ ಸಕ್ರಿಯ ಸೇವೆಯ ಪಟ್ಟಿಯಲ್ಲಿದ್ದನು. ಅವನ ತಂದೆ 1795ರಲ್ಲೇ, ಮಗುವಿಗೆ ನಾಲ್ಕು ವರ್ಷವಾಗಿದ್ದಾಗ, ಒಂದು ಹಡಗಿನ ಲೆಕ್ಕದಲ್ಲಿ ಹೆಸರು ಬರೆಯಿಸಿದ್ದನು. ಕಾಗದದ ಮೇಲೆ ವಾಲಿಸನ ಸೇವೆ ತೊಂಬತ್ತಾರು ವರ್ಷ ದಾಟಿತು.

ವಯಸ್ಸಿನ ನಿಯಮವು ಎಲ್ಲವನ್ನೂ ಸರಿಪಡಿಸಿತೆಂದು ತಿಳಿಯಬಾರದು. ವಯಸ್ಸು ಅಳೆಯುವುದು ವರ್ಷವನ್ನು, ಯೋಗ್ಯತೆಯನ್ನಲ್ಲ. 1911ರಲ್ಲಿ ಎಪ್ಪತ್ತು ತುಂಬಿ ನಿವೃತ್ತನಾದ ಫಿಷರನನ್ನು 1914ರಲ್ಲಿ ಮತ್ತೆ ಕರೆದುತಂದರು. ನೌಕಾಮಂತ್ರಿ ಚರ್ಚಿಲ್ಲನೊಡನೆ ಹೊಂದದೆ ಅವನು ಮರುವರ್ಷ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟನು. ಬರ್ಟ್ರಮ್ ರ‍್ಯಾಮ್ಸೆಯ ಕಥೆ ಇದಕ್ಕೆ ವಿರುದ್ಧವಾದುದು. ಮೇಲಧಿಕಾರಿಯೊಡನೆ ಭಿನ್ನಾಭಿಪ್ರಾಯ ಬಂದು ಕೆಲಸ ಬಿಟ್ಟ ಇವನನ್ನು 1938ರಲ್ಲಿ ನಿವೃತ್ತರ ಪಟ್ಟಿಗೆ ಸೇರಿಸಿದರು. ಯುದ್ಧವು ಬಂದಾಗ ಡೋವರಿಗೆ ಮರಳಿ ಕರೆದರು. 1940ರಲ್ಲಿ ಡನ್‌ಕರ್ಕಿನಿಂದ 3,38,000ಕ್ಕೂ ಹೆಚ್ಚು ಸೈನಿಕರನ್ನು ಸಮುದ್ರದ ಮೇಲೆ ಪಾರುಮಾಡಿದ ಏರ್ಪಾಟು, 1944ರಲ್ಲಿ ನಾರ್ಮಂಡಿಯ ದಡಕ್ಕೆ ಸೈನ್ಯವನ್ನು ಮುಟ್ಟಿಸಿದ ನೌಕಾಕಾರ್ಯದ ನಾಯಕತ್ವ, ಎರಡೂ ಇವನವೇ. ಹೊರಗೆ ಕಳುಹಿಸುವ ಬಾಗಿಲು ಎಷ್ಟು ಅಗತ್ಯವೋ, ಬೇಕಾದವನನ್ನು ಮತ್ತೆ ಒಳಕ್ಕೆ ಕರೆಯುವ ಬಾಗಿಲೂ ಅಷ್ಟೇ ಅಗತ್ಯ.

1940ರಲ್ಲಿ ಅಡ್ಮಿರಲ್ ಆಫ್ ದಿ ಫ್ಲೀಟ್ ಆದವರು ಜೀವಾವಧಿ ಸಕ್ರಿಯರ ಪಟ್ಟಿಯಲ್ಲಿರತಕ್ಕದ್ದೆಂದು ನಿಯಮವಾಯಿತು. ಇದು ವಾಲಿಸನ ಕಾಲಕ್ಕೆ ಮರಳಿದಂತೆ ಕಂಡೀತು, ಆದರೆ ಹಾಗಲ್ಲ. ಪದವಿ ಮಾತ್ರ ಜೀವಾವಧಿ. ಕೆಲಸದ ಕುರ್ಚಿಗೆ ಅವಧಿಯುಂಟು, ಅದು ತೀರಿದೊಡನೆ ಮತ್ತೊಬ್ಬನ ಪಾಲು. ಶಾಂತಿಕಾಲದಲ್ಲಿ ಆ ಪದವಿಯನ್ನು ವಾಡಿಕೆಯಾಗಿ ಕೊಡುವುದು 1995ರೊಂದಿಗೆ ನಿಂತಿತು. 2014ರಲ್ಲಿ ಲಾರ್ಡ್ ಬಾಯ್ಸ್ ಅವರಿಗೆ ಸಂದುದು ಗೌರವಾರ್ಥವಾಗಿ.

ನಮ್ಮ ಭಾರತದ ನೌಕಾಬಲವೂ ಇದೇ ಸಂಪ್ರದಾಯದಿಂದ ಬೆಳೆದು ಬಂದುದು. 1958ರಲ್ಲಿ ಭಾರತೀಯರಲ್ಲಿ ಮೊದಲಿಗರಾಗಿ ಅದರ ಮುಖ್ಯಸ್ಥರಾದ ರಾಮದಾಸ್ ಕಟಾರಿಯವರದು ವೈಸ್ ಅಡ್ಮಿರಲ್ ಪದವಿ. ಪೂರ್ಣ ಅಡ್ಮಿರಲ್ ಪದವಿ ಮೊದಲು ದೊರೆತುದು 1968ರಲ್ಲಿ, ಎ. ಕೆ. ಚಟರ್ಜಿಯವರಿಗೆ. ನಮ್ಮಲ್ಲಿ ರಿಯರ್ ಅಡ್ಮಿರಲ್ 58ಕ್ಕೂ ವೈಸ್ ಅಡ್ಮಿರಲ್ 60ಕ್ಕೂ ನಿವೃತ್ತರಾಗುವರು. ಮುಖ್ಯಸ್ಥರ ಅವಧಿ ಮೂರು ವರ್ಷ ಅಥವಾ 62ರ ವಯಸ್ಸು, ಯಾವುದು ಮೊದಲೋ ಅದು.

ಈ ಚರಿತ್ರೆಯಿಂದ ನಾವು ತಿಳಿಯಬಹುದಾದುದು ಇಷ್ಟು. ಗೌರವವು ವ್ಯಕ್ತಿಗೆ ಸೇರಿದುದು, ಅಧಿಕಾರವು ಕಾರ್ಯಕ್ಕೆ ಸೇರಿದುದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದಾಗ, ಗೌರವವನ್ನು ಉಳಿಸಲು ಹೋಗಿ ಕಾರ್ಯ ಕೆಟ್ಟಿತು. ಕಾರ್ಯವನ್ನು ಉಳಿಸಲು ಹೋದಾಗ 'ಹಳದಿ' ಎಂಬ ಅವಮಾನ ಹುಟ್ಟಿತು. ಆ ಗಂಟನ್ನು ಬಿಚ್ಚುವುದಕ್ಕೆ ಪ್ರಪಂಚದ ಅತ್ಯಂತ ಪ್ರಬಲವಾದ ನೌಕಾಬಲಕ್ಕೇ ಇನ್ನೂರು ವರ್ಷ ಹಿಡಿಯಿತು. ಹಡಗೇ ಇಲ್ಲದ ನಮ್ಮ ಕಚೇರಿಗಳೂ ಸಂಘಸಂಸ್ಥೆಗಳೂ ಈ ಪಾಠವನ್ನು ಅಷ್ಟು ಬೆಲೆ ತೆರದೆ ಕಲಿಯಬಹುದು.